ಗುರುವಾರವೂ ಬ್ರೇಕ್ ಸರಿ

ಜೂನ್ 3, ಸೋಮವಾರ. ಬೆಳಿಗ್ಗೆ 9.30

ಟಿಕ್ ಹಾಕಿ ಮುಗಿಯಿತು. ಆರು ಲಾರಿ, ಆರು ಹಾಳೆ, ಒಂದೊಂದರಲ್ಲೂ ಏಳು ದಿನದ ಮನೆಗಳು. ಬ್ರೇಕ್ ಸರಿ, ಟೈರ್ ಸರಿ, ಹೆಡ್‌ಲೈಟ್ ಸರಿ, ಹಗ್ಗ ಬಿಗಿ. ದಿನಾ ಬೆಳಿಗ್ಗೆ ಏಳಕ್ಕೆ ಲಾರಿ ನೋಡಿ ಆಮೇಲೆ ಟಿಕ್ ಹಾಕಬೇಕು ಅಂತ ಹಾಳೆಯ ಮೇಲೆಯೇ ಅಚ್ಚಾಗಿದೆ. ಅಚ್ಚು ಹಾಕಿಸಿದವರೂ ಓದಿರಲಿಕ್ಕಿಲ್ಲ. ಸೋಮವಾರವೇ ಭಾನುವಾರದವರೆಗೆ ಹಾಕಿಬಿಟ್ಟರೆ ವಾರವೆಲ್ಲ ಆರಾಮ. ಒಂದು ದಿನಕ್ಕೆ ನೀಲಿ ಪೆನ್ನು, ಒಂದು ದಿನಕ್ಕೆ ಕಪ್ಪು — ದಿನವೂ ಹಾಕಿದ ಹಾಗೆ ಕಾಣಬೇಕಲ್ಲ. ಈ ಲಾರಿ ಕಂಪನಿಗೆ ಗುಮಾಸ್ತನಾಗಿ ಸೇರಿದ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಹೊಡೆದುಹಾಕಿದ ಗುರುತಿಲ್ಲ.

ಪೆನ್ನಿಗೆ ಮುಚ್ಚಳ ಹಾಕುತ್ತಿದ್ದೆ, ಭಾವ ಬಂದರು. ಅಕ್ಕನ ಗಂಡ, ನಾಲ್ಕನೇ ನಂಬರ್ ಲಾರಿಯ ಡ್ರೈವರ್.

"ಬ್ರೇಕ್ ಯಾಕೋ ಮೆತ್ತಗಾಗಿದೆ ಕಣೋ. ಕಾಲಿಟ್ರೆ ಕೆಳಗೇ ಹೋಗುತ್ತೆ. ಬರ್ಕೋ, ಮೆಕ್ಯಾನಿಕ್‌ಗೆ ತೋರ್ಸು."

"ಬರ್ಕೋತೀನಿ ಭಾವ" ಅಂದೆ. ಬರೆಯುವುದೆಲ್ಲಿ? ಟಿಕ್ ಆಗಲೇ ಬಿದ್ದಿದೆ. ಹೊಡೆದುಹಾಕಿದರೆ ಹಾಳೆ ಅಸಹ್ಯ. ಮುಂದಿನ ವಾರದ ಹಾಳೆಯಲ್ಲಿ ನೋಡಿಕೊಂಡರಾಯಿತು.

ಜೂನ್ 5, ಬುಧವಾರ. ಮಧ್ಯಾಹ್ನ 2.00

ಅಯ್ಯೋ. ನಾಲ್ಕನೇ ನಂಬರ್ ಇಳಿಜಾರಿನಲ್ಲಿ ನಿಲ್ಲದೆ ನೇರ ಹೋಗಿ ಗೋಡೆಗೆ ಗುದ್ದಿದೆ. ಇಷ್ಟೊಂದು ಗೋಡೆ ಇರುವ ಊರಲ್ಲಿ ಅದಕ್ಕೆ ಸಿಕ್ಕಿದ್ದು ಡ್ರೈವಿಂಗ್ ಸ್ಕೂಲಿನ ಗೋಡೆ! 'ನಿಧಾನವಾಗಿ ಚಲಿಸಿ' ಅಂತ ಬರೆದಿದ್ದ ಜಾಗದಲ್ಲೇ ಒಡೆದಿದೆ. ಭಾವನ ಬಲಗೈ ಮುರಿದಿದೆ. ಬೇರೆ ಯಾರಿಗೂ ಏನೂ ಆಗಿಲ್ಲ, ಸದ್ಯ.

ಲೋಡು ಪ್ಲಾಸ್ಟಿಕ್ ಕುರ್ಚಿಗಳದು. ಹಗ್ಗ ಕಿತ್ತು ರಸ್ತೆ ತುಂಬ ಕುರ್ಚಿ. ಓಡಿಹೋಗಿ ನೋಡುತ್ತೇನೆ — ಜನ ಒಂದೊಂದು ಎಳೆದುಕೊಂಡು, ಸಾಲಾಗಿ ಕೂತು, ಕ್ರೇನ್ ಕೆಲಸ ನೋಡುತ್ತಿದ್ದಾರೆ. "ನಿಂತೇ ಇದ್ದೀರಲ್ಲ, ಬನ್ನಿ ಸಾರ್, ಇಲ್ಲೊಂದು ಖಾಲಿ ಇದೆ" ಅಂದರು ಒಬ್ಬರು. ನಾನೂ ಕೂತೆ.

ಜೂನ್ 6, ಗುರುವಾರ. ಸಂಜೆ

ಆಫೀಸಿನಲ್ಲಿ ಇಡೀ ದಿನ ಕೈ ತೊಳೆದುಕೊಳ್ಳುವ ಕಾರ್ಯಕ್ರಮ. ಮಾಲೀಕರು: "ಡ್ರೈವರ್ ತೂಕಡಿಸಿರ್ತಾನೆ." ಮೆಕ್ಯಾನಿಕ್: "ಲಾರಿ ನನ್ನ ಹತ್ರ ಬಂದ್ರೆ ತಾನೇ ನಾನು ನೋಡೋದು?" ಲೋಡಿಂಗ್ ಮೇಸ್ತ್ರಿ: "ಇನ್ನೂ ಐವತ್ತು ಕುರ್ಚಿ ತುರುಕಿ ಅಂದಿದ್ದು ನಾನಾ?" ಮಾಲೀಕರು ಫ್ಯಾನ್ ನೋಡಿದರು.

ಆಮೇಲೆ ಕಂಪನಿಯ ವಕೀಲರು ಬಂದರು. "ಗುದ್ದಿದ್ದು ಒಂದು ಲಾರಿ ಆದ್ರೂ ಹೊಣೆ ಒಬ್ಬರದ್ದೇ ಅಲ್ಲ ರೀ. ಓಡಿಸಿದವರು, ಲಾರಿ ಇಟ್ಟುಕೊಂಡವರು, ಲೋಡ್ ತುಂಬಿದವರು, ನೋಡಿ ಸರಿ ಇದೆ ಅಂದವರು — ಎಲ್ಲರನ್ನೂ ಕೇಳ್ತಾರೆ. ನೋಡಿದ್ದು ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು. "ನಾನೇ ಸಾರ್. ದಿನಾ."

ಹಾಳೆಯಲ್ಲಿ ಬುಧವಾರದ ಮನೆ ನೋಡಿ ವಕೀಲರ ಮುಖ ಅರಳಿತು. "ಬೆಳಿಗ್ಗೆ ಏಳಕ್ಕೆ ಬ್ರೇಕ್ ಸರಿ ಇತ್ತು! ಅಂದ್ರೆ ತಪ್ಪು ಡ್ರೈವರ್‌ದೇ. ಅವರ ಲೈಸೆನ್ಸ್ ಹೋಗುತ್ತೆ, ನಾವು ಬಚಾವ್." ಹಾಳೆ ಫೈಲು ಸೇರಿತು. ಭಾವನಿಗೆ ಲಾರಿ ಬಿಟ್ಟು ಬೇರೆ ಕೆಲಸ ಬರುವುದಿಲ್ಲ.

ಜೂನ್ 7, ಶುಕ್ರವಾರ

ಅಕ್ಕನ ಮನೆಗೆ ಹೋಗಿದ್ದೆ. ಭಾವ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲೆ ಮಲಗಿಸಿಕೊಂಡು ಕೂತಿದ್ದರು. ಅಕ್ಕ ಕಾಫಿ ಕೊಟ್ಟು, ಎದುರಿಗೇ ನಿಂತಳು.

"ಬ್ರೇಕ್ ಸರಿಯಿಲ್ಲ ಅಂತ ನಿಂಗೆ ಹೇಳಿದ್ರಂತಲ್ಲೋ? ಬರ್ದಿದ್ದೀಯ ತಾನೇ?"

"ಹ್ಞೂಂ... ಬರ್ದಿದ್ದೀನಿ."

"ಬರ್ದಿರ್ತಾನೆ ಬಿಡೇ" ಅಂದರು ಭಾವ. "ನಮ್ಮ ಬಾಮೈದನ ಕೈಬರಹ ನೋಡಿದ್ಯಾ? ಮುತ್ತು ಪೋಣಿಸಿದ ಹಾಗೆ."

ಕಾಫಿ ಅಲ್ಲೇ ಬಿಟ್ಟು ಎದ್ದುಬಂದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಜೂನ್ 12, ಬುಧವಾರ. ಬೆಳಿಗ್ಗೆ 11.00

ನಾಲ್ಕು ದಿನ ಏನೂ ಬರೆದಿಲ್ಲ. ಬರೆಯುವುದೆಂದರೆ ಭಯ ಹಿಡಿದಿದೆ.

ವಕೀಲರು ಹಾಳೆ ಬೀಸುತ್ತಾ ಬಂದರು. ಇವತ್ತು ಪೂರ್ತಿ ಓದಿದ್ದಾರೆ. "ಏನ್ರೀ ಇದು? ಬುಧವಾರ ಲಾರಿ ಗೋಡೆಯೊಳಗೆ ಹೋಯ್ತು. ಗುರುವಾರ ಬ್ರೇಕ್ ಸರಿ! ಶುಕ್ರವಾರ ಹೆಡ್‌ಲೈಟ್ ಸರಿ! ಮುಂಭಾಗವೇ ಇಲ್ಲದ ಲಾರಿಗೆ ಹೆಡ್‌ಲೈಟ್ ಎಲ್ಲಿಂದ ಬಂತು?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಾಲೀಕರು ಬಾಗಿಲು ಹಾಕಿದರು. "ಹೋಗ್ಲಿ ಬಿಡಿ. ಹೊಸ ಹಾಳೆ ಬರೀರಿ, ಬುಧವಾರಕ್ಕೆ ನಿಲ್ಸಿ. ಶುಕ್ರವಾರ ಸಾರಿಗೆ ಅಧಿಕಾರಿಗಳ ಹತ್ರ ವಿಚಾರಣೆ, ಅಷ್ಟರೊಳಗೆ ಕೊಟ್ರೆ ಸಾಕು." ವಕೀಲರು, "ನಾನು ಈ ಮಾತು ಕೇಳಿಸ್ಕೊಂಡಿಲ್ಲ" ಅಂತ ಹಳೆಯದನ್ನು ನನ್ನ ಮೇಜಿನ ಮೇಲಿಟ್ಟು, ಹೊರಗೆ ಹೋದರು.

ಹೊಸದು ಬರೆದರೆ ಭಾವನ ಕಥೆ ಮುಗಿಯಿತು. ಹಳೆಯದು ಕೊಟ್ಟರೆ ನನ್ನದು.

ಜೂನ್ 13, ಗುರುವಾರ. ಬೆಳಿಗ್ಗೆ 8.00

ಹೊಸ ಹಾಳೆ ತೆಗೆದೆ. ಸೋಮವಾರ, ಟೈರ್ — ಟಿಕ್. ಹೆಡ್‌ಲೈಟ್ — ಟಿಕ್. ಬ್ರೇಕ್ — ಕೈ ಏಳಲಿಲ್ಲ. ಮೂರು ಹಾಳೆ ಹರಿದೆ.

ಎದ್ದು ಶೆಡ್ಡಿಗೆ ಹೋದೆ. ಎರಡನೇ ನಂಬರ್ ನಿಂತಿತ್ತು. ಒಂದು ಸಲವಾದರೂ ನೋಡೋಣ ಅಂತ ಹತ್ತಿ ಕೂತೆ. ಕಾಲ ಕೆಳಗೆ ಮೂರು ಪೆಡಲ್! ಡ್ರೈವರನ್ನು ಕರೆದು ಕೇಳಿದೆ, "ಇದ್ರಲ್ಲಿ ಬ್ರೇಕ್ ಯಾವುದ್ರೀ?"

ಆತ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ, "ಸಾರ್, ನಮ್ಮ ಲಾರಿ ದಿನಾ ನೋಡೋದು ನೀವೇ ಅಲ್ವಾ?" ಅಂದ.

ಜೂನ್ 14, ಶುಕ್ರವಾರ. ಮಧ್ಯಾಹ್ನ 12.40, ವಿಚಾರಣೆ ಕೋಣೆಯ ಹೊರಗಿನ ಬೆಂಚು

ಹಳೆಯ ಹಾಳೆಯನ್ನೇ ಕೊಟ್ಟೆ. ಅಧಿಕಾರಿ ಗಟ್ಟಿಯಾಗಿ ಓದಿದರು. ಗುರುವಾರಕ್ಕೆ ಬಂದಾಗ ಕೋಣೆಯೆಲ್ಲ ನಕ್ಕಿತು. ಅವರು ನಗಲಿಲ್ಲ.

"ಹಾಗಾದ್ರೆ ಬುಧವಾರ ನೋಡಿದ್ದು ಯಾರು?"

"ಯಾರೂ ಇಲ್ಲ ಸಾರ್. ಬ್ರೇಕ್ ಸರಿಯಿಲ್ಲ ಅಂತ ಡ್ರೈವರ್ ಸೋಮವಾರವೇ ಹೇಳಿದ್ರು. ನಾನು ಬರೀಲಿಲ್ಲ. ಮೊನ್ನೆ ಮಾಲೀಕರು ಹೊಸ ಹಾಳೆ ಬರೀರಿ ಅಂತಾನೂ ಹೇಳಿದ್ರು."

ಮಾಲೀಕರು ಧಡಕ್ಕನೆ ಎದ್ದರು. ವಕೀಲರು ಅಂಗಿ ಹಿಡಿದು ಕೂರಿಸಿದರು. ನಾಲ್ಕು ಪುಟ ಹೇಳಿಕೆ ಬರೆದುಕೊಟ್ಟೆ. ಏಳು ಕಡೆ ಹೊಡೆದುಹಾಕಿದೆ. ಕೆಲಸ ಹೋಗುವುದಂತೂ ಖಂಡಿತ, ಕೇಸೂ ಬೀಳಬಹುದು. ಭಾವನ ಲೈಸೆನ್ಸ್ ಸದ್ಯಕ್ಕೆ ಮುಟ್ಟುವುದಿಲ್ಲ ಅಂದರು ಅಧಿಕಾರಿ.

ಭಾವ ಪಕ್ಕದಲ್ಲೇ ಕೂತಿದ್ದಾರೆ. "ನಾನು ಸತ್ತಿದ್ರೆ ಏನೋ ಮಾಡ್ತಿದ್ದೆ?" ಅಂದರು. ಅಳು ಬಂತು. ಅವರೇ ಎಡಗೈಯಿಂದ ಕರ್ಚೀಫು ಕೊಟ್ಟರು. "ಒರೆಸ್ಕೋ. ನಿಮ್ಮಕ್ಕ ಬರ್ತಿದ್ದಾಳೆ. ನೀನು ಬರ್ದಿದ್ದೆ ಅಂತಲೇ ಇನ್ನೂ ನಂಬ್ಕೊಂಡಿದ್ದಾಳೆ. ಅವಳಿಗೆ ನೀನೇ ಹೇಳ್ಬೇಕು, ನನ್ನ ಕೈಲಾಗಲ್ಲಪ್ಪ."

ಅಧಿಕಾರಿಯ ಮುಂದೆ ಹೀಗೆ ಬೆವರಿರಲಿಲ್ಲ. ಹೇಗೆ ಶುರು ಮಾಡಲಿ? ಮೊದಲು ಭಾವನ ಲೈಸೆನ್ಸ್ ಉಳಿಯಿತು ಅನ್ನುವುದು. ಆಮೇಲೆ ನಿಧಾನಕ್ಕೆ... ಮೆಟ್ಟಿಲ ಹತ್ತಿರ ಅವಳ ದನಿ. ಯಾರನ್ನೋ ಕೇಳುತ್ತಿದ್ದಾಳೆ, "ನನ್ನ ತಮ್ಮ ಎಲ್ಲಿ ಕೂತಿದ್ದಾನೆ?" ಬಂದಳು. ಮೊದಲ ಮಾತು ಇದೇ: "ಅಕ್ಕಾ, ನಾನು ಅವತ್ತು ಬರ್ದಿರ್ಲಿಲ್ಲ."