ಮೂರು ಸಲ ಸೋಸಿದ ಮಣ್ಣು

ಮಾರ್ಚ್ 3, ಬೆಳಿಗ್ಗೆ ಆರು

ಮಣ್ಣು ಕಲಸಿ ಇಟ್ಟಿದ್ದೇನೆ. ಎರಡು ಚಮಚ, ಸ್ವಲ್ಪ ನೀರು. ಶೆಡ್ಡಿನದೇ ಮಣ್ಣು — ಮೂರು ಸಲ ಸೋಸಿದ ಮೇಲೆ ತೊಟ್ಟಿಯ ತಳದಲ್ಲಿ ನಿಲ್ಲುವ ಬಿಳಿಯದು, ಬೆಣ್ಣೆಯ ಹಾಗೆ. ಹೂಜಿ ಮಾಡುವವರ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಸೋಸುವವಳು ನಾನೇ. ವಾರಕ್ಕೆರಡು ಸಲ ಮುಖಕ್ಕೆ ಹಚ್ಚುತ್ತೇನೆ. ಮೊಡವೆ ಇಳಿದಿದೆ. ಗಲ್ಲದ ಮೇಲೆ ಮಾತ್ರ ಎರಡು ಹಟ ಹಿಡಿದು ಕೂತಿವೆ.

ಚಿಕ್ಕಮ್ಮನ ಮಗಳು ಇನ್ನೂ ಮಲಗಿದ್ದಾಳೆ. ನನ್ನ ಕೋಣೆಗೆ ಬಂದು ಎರಡು ತಿಂಗಳು. ಶೆಡ್ಡಿಗೆ ಸೇರಿಸಿದ್ದೂ ನಾನೇ. ನಿದ್ದೆಯಲ್ಲೂ ಈಗಷ್ಟೇ ತೊಳೆದ ಮುಖ. ಏನೂ ಹಚ್ಚುವುದಿಲ್ಲ...

ಮಾರ್ಚ್ 5

ರಸ್ತೆ ಕಡೆಗೆ ಅಂಗಡಿ ತೆರೆಯುತ್ತಾರಂತೆ, ಹದಿನೈದನೇ ತಾರೀಕು. ಗಿರಾಕಿಗಳಿಗೆ ಹೂಜಿ ತೋರಿಸಲು ಒಬ್ಬರು ಬೇಕು. ಆ ಕೆಲಸ ನನಗೆ ಬೇಕು. ಯಾರಿಗೂ ಹೇಳಿಲ್ಲ. ಸೋಸುವ ಕೋಣೆಗೆ ಕಿಟಕಿ ಇಲ್ಲ. ದಿನವೆಲ್ಲ ಮೊಣಕೈವರೆಗೆ ತಣ್ಣೀರು. ನಾಲ್ಕನೇ ಕ್ಲಾಸು ಓದಿದವಳು ಅಂಗಡಿಯಲ್ಲಿ ನಿಲ್ಲಬಾರದು ಅಂತ ಎಲ್ಲೂ ಬರೆದಿಲ್ಲ. ಯಾವ ಹೂಜಿ ಜಿನುಗುತ್ತದೆ, ಯಾವುದು ಇಲ್ಲ — ಬೆರಳಲ್ಲಿ ತಟ್ಟಿ ಹೇಳಬಲ್ಲೆ.

ಮಾರ್ಚ್ 8, ಮಧ್ಯಾಹ್ನ

ಯಜಮಾನಿ ಬಂದರು. ಎಲ್ಲರ ಎದುರಿಗೇ ಹೇಳಿದರು.

“ಅಂಗಡಿಗೆ ಈ ಹೊಸ ಹುಡುಗಿ ಇರ್ಲಿ. ಲಕ್ಷಣವಾಗಿದಾಳೆ, ಬಾಯೂ ಚುರುಕು.”

ಚಕ್ರದ ಮಾವ ನನ್ನ ಕಡೆ ನೋಡಿದ. ಚಕ್ರ ತಿರುಗಿಸುವ ಮುದುಕ, ಶೆಡ್ಡಿಗೆಲ್ಲ ಮಾವ. “ಮತ್ತೆ ನಮ್ಮ ಮೌನಗೌರಿ?”

“ಅವಳಾ? ಗಿರಾಕಿ ಬಂದ್ರೆ ಹೂಜಿಯೊಳಗೇ ಇಳಿದುಬಿಡ್ತಾಳೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ.

ಚಿಕ್ಕಮ್ಮನ ಮಗಳು ಓಡಿ ಬಂದು ಕೈ ಹಿಡಿದಳು. “ನಂಗೇನೂ ಗೊತ್ತಿಲ್ಲ ಕಣಕ್ಕ. ನೀನೇ ಹೇಳ್ಕೊಡ್ಬೇಕು.”

ಬೆಚ್ಚಗಿನ ಕೈ. ಬಿಡಿಸಿಕೊಂಡೆ. ಸೋಸುವುದಿತ್ತು.

ಮಾರ್ಚ್ 13, ಸಂಜೆ

ನಾಲ್ಕು ದಿನ ಬರೆಯಲಿಲ್ಲ. ಬರೆದರೆ ಕೆಟ್ಟದ್ದೇ ಬರುತ್ತಿತ್ತು. ಹೊಟ್ಟೆ ಉರಿ ಅಂತ ಸುಮ್ಮನೆ ಅನ್ನುವುದಿಲ್ಲ, ನಿಜವಾಗಿ ಉರಿಯುತ್ತದೆ.

ಇವತ್ತು ಇವಳು ನನ್ನ ಮಣ್ಣಿನ ಬಟ್ಟಲು ಎತ್ತಿಕೊಂಡಳು. “ನಾಳಿದ್ದು ಅಂಗಡಿ. ನಾನೂ ಹಚ್ಕೊಳ್ಳಾ? ಎಷ್ಟೊತ್ತು ಬಿಡೋದು ಅಕ್ಕಾ?”

ಅಂಚು ಒಣಗಿ ನಡುವೆ ಇನ್ನೂ ತೇವ ಇರುವಾಗಲೇ ತೊಳೆಯಬೇಕು. ತಡಮಾಡಿದರೆ ಚರ್ಮದ ನೀರನ್ನೇ ಮಣ್ಣು ಹೀರುತ್ತದೆ. ನನಗೆ ಗೊತ್ತು. ಹೂಜಿಯದು ಬೇರೆ — ಎಲುಬಿನ ಹಾಗೆ ಒಣಗಬೇಕು, ಹಸಿ ಉಳಿದರೆ ಸುಡುವಾಗ ಒಡೆಯುತ್ತದೆ. ಇವಳು ಎರಡು ತಿಂಗಳಲ್ಲಿ ಕಲಿತದ್ದು ಹೂಜಿಯದಷ್ಟೇ.

“ಹೂಜಿ ಥರಾನೇ,” ಅಂದೆ. “ಪೂರ್ತಿ ಒಣಗ್ಬೇಕು. ಬೆಳಿಗ್ಗೆ ಬಿಸಿಲಲ್ಲಿ ಕೂತ್ಕೊ. ನಾಲ್ಕು ಹನಿ ನಿಂಬೆರಸ ಹಿಂಡು, ಹೊಳಪು ಬರುತ್ತೆ.”

“ಎಷ್ಟೆಲ್ಲ ಗೊತ್ತಕ್ಕ ನಿಂಗೆ.”

ಒಂದೇ ಉಸಿರಿಗೆ ಅಷ್ಟು ಮಾತು ನಾನು ಯಾವತ್ತೂ ಆಡಿದವಳಲ್ಲ.

ಮಾರ್ಚ್ 14, ಊಟದ ಬಿಡುವು

ತಾರಸಿಯ ಮೇಲೆ ಒಂದು ಗಂಟೆ ಕೂತಿದ್ದಳು. ತೊಳೆದು ಬಂದಾಗ ಎರಡೂ ಕೆನ್ನೆ ಕೆಂಪು, ಮೂಗಿನ ಪಕ್ಕ ಸಿಪ್ಪೆ ಎದ್ದಿದೆ. ಒದ್ದೆ ಬಟ್ಟೆ ಒತ್ತಿಕೊಂಡೇ ಕೆಲಸಕ್ಕೆ ಬಂದಳು.

“ಏನೇ ಇದು, ಸುಟ್ಟ ಇಟ್ಟಿಗೆ ಆಗಿದೀಯ,” ಅಂದರು ಯಜಮಾನಿ.

“ನಂದೇ ತಪ್ಪಮ್ಮ. ಅಕ್ಕ ಸರಿಯಾಗೇ ಹೇಳಿದ್ಲು. ನಾನೇ ಏನೋ ಎಡವಟ್ಟು ಮಾಡ್ಕೊಂಡೆ.”

ಎಡವಟ್ಟು ಮಾಡಿರಲಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದಳು. ಅಕ್ಕ ತಪ್ಪು ಹೇಳುತ್ತಾಳೆ ಅಂತ ಅವಳ ತಲೆಗೇ ಬಂದಿಲ್ಲ.

ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಾಗಾದ್ರೆ ಅಂಗಡಿಗೆ ನೀನೇ. ಬಾಯಿ ಬಿಡ್ತೀಯ ತಾನೆ?”

ತಲೆಯಾಡಿಸಿದೆ.

“ತಲೆ ಆಯ್ತು,” ಅಂದ ಚಕ್ರದ ಮಾವ. “ಬಾಯಿ ನಾಳೆಗೆ.”

ಸಿಕ್ಕಿತು. ಬೇಕಾದದ್ದು ಸಿಕ್ಕಿತು. ಬುತ್ತಿ ಮುಚ್ಚಿಟ್ಟು ಇದನ್ನು ಬರೆಯುತ್ತಿದ್ದೇನೆ.

ಮಾರ್ಚ್ 15, ಬೆಳಿಗ್ಗೆ ಏಳು

ಎಬ್ಬಿಸಿದವಳು ಅವಳೇ. ಕೈಯಲ್ಲಿ ಬಟ್ಟಲು. “ಏಳು, ಕೂತ್ಕೊ. ಅಂಗಡಿಯವ್ರು ಇವತ್ತು ಮಿಂಚಬೇಕು.”

ತನ್ನ ಕೈಯಾರೆ ಹಚ್ಚಿದಳು. ಹಣೆ, ಮೂಗು, ಗಲ್ಲದ ಆ ಎರಡು ಮೊಡವೆಯ ಸುತ್ತ ಮೆಲ್ಲಗೆ. ನಿಂಬೆ ಹಾಕಲಿಲ್ಲ. “ನಂಗಾದ ಹಾಗೆ ನಿಂಗೂ ಆದ್ರೆ?”

ಹೇಳಬೇಕು ಅಂತ ಬಾಯಿ ತೆರೆದೆ.

“ಮಾತಾಡ್ಬೇಡ, ಬಿರುಕು ಬಿಡುತ್ತೆ. ನಿಂಗೆ ಸುಮ್ನಿರೋದನ್ನೂ ಹೇಳ್ಕೊಡ್ಬೇಕಾ?” ತಾನೇ ನಕ್ಕಳು. ಕೆನ್ನೆ ಎಳೆದಿರಬೇಕು, ನಗು ಅರ್ಧಕ್ಕೆ ನಿಂತಿತು.

ಅದಕ್ಕೇ ಪುಸ್ತಕ ತೆಗೆದು ಕೂತಿದ್ದೇನೆ. ಅವಳು ಅಂಗಡಿಗೆಂದು ಇಟ್ಟುಕೊಂಡಿದ್ದ ಹೊಸ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ನಾನು ಉಟ್ಟುಕೊಳ್ಳಲಿ ಅಂತ. ಆ ಕೆಂಪು ಕೆನ್ನೆಯಲ್ಲೂ ಅವಳೇ ಚೆಂದ. ಅದಕ್ಕೂ ಹೊಟ್ಟೆ ಉರಿಯುತ್ತದೆ, ಈಗಲೂ, ಸುಳ್ಳೇಕೆ.

ಅಂಚು ಒಣಗುತ್ತಿದೆ. ತೊಳೆದ ತಕ್ಷಣ ಹೇಳುತ್ತೇನೆ. ಅಂಗಡಿಯ ಬಾಗಿಲು ತೆರೆಯುವ ಮೊದಲು. ಎಲ್ಲಿಂದ ಶುರು ಮಾಡಲಿ — ನಿಂಬೆರಸವೋ, ಬಿಸಿಲೋ... ಬಿಸಿನೀರು ತಂದಿಟ್ಟಳು. ಕರೆಯುತ್ತಿದ್ದಾಳೆ. ಇಷ್ಟೇ ಹೇಳಿದರೆ ಸಾಕು: ಕೇಳೇ, ಅವತ್ತು ನಾನು ಬೇಕಂತಲೇ