ದೊಡ್ಡವ್ವನ ಟಿಲ್ಲರಿನ ಹಿಡಿಕೆ

ಪ್ರೀತಿಯ ದೊಡ್ಡವ್ವ,

ನಿನಗೆ ಪತ್ರ ಬರೆಯಲು ನನಗೆ ಮುಖವಿಲ್ಲ. ನೀನು ಇದ್ದಿದ್ದರೆ ಎದುರಿಗೆ ಬಂದು ತಲೆ ತಗ್ಗಿಸಿ ನಿಲ್ಲುತ್ತಿದ್ದೆ, ನೀನು ಹೊಟ್ಟೆ ತುಂಬ ಬೈದು ಆಮೇಲೆ ಊಟಕ್ಕೆ ಹಾಕುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಈಗ ಬೈಯುವವಳೇ ಇಲ್ಲವಲ್ಲ, ಅದೇ ಕಷ್ಟ. ನಿನ್ನ ಟಿಲ್ಲರನ್ನು ನಾನು ಹಾಳು ಮಾಡಿದೆ ದೊಡ್ಡವ್ವ. ಥಳಥಳ ಹೊಳೆಯುವ ಹಾಗೆ ಮಾಡಿ ಹಾಳು ಮಾಡಿದೆ.

ದೊಡ್ಡಪ್ಪ ಸಾಂಗಲಿ ಕಡೆಯಿಂದ ಅದನ್ನು ತಂದ ದಿನ ನೆನಪಿದೆಯೇ? ಸೀಟಿಲ್ಲ, ಎರಡೇ ಗಾಲಿ, ಹಿಡಿಕೆ ಹಿಡಿದು ಹಿಂದೆ ನಡೆಯಬೇಕು. ಇದೆಂಥ ಟ್ರ್ಯಾಕ್ಟರ್ ಅಂತ ನೋಡಲು ಶಿರಗುಪ್ಪಿಯ ಅರ್ಧ ಓಣಿ ಅಂಗಳಕ್ಕೆ ಬಂದಿತ್ತು. ದೊಡ್ಡಪ್ಪ ಠೀವಿಯಿಂದ ಧೋತರ ಎತ್ತಿ ಕಟ್ಟಿ ಕ್ಲಚ್ ಬಿಟ್ಟ. ಅದು ಅವನನ್ನು ದರದರ ಎಳೆದುಕೊಂಡು ಹೋಗಿ ಕಳ್ಳಿಬೇಲಿಗೆ ಹಾಕಿತು. ಮುಳ್ಳು ತೆಗೆಯುತ್ತ ನೀನು ನಕ್ಕಿದ್ದೇ ನಕ್ಕಿದ್ದು. ಅವತ್ತಿನಿಂದ ಅವನು ಆ ಹಿಡಿಕೆ ಮುಟ್ಟಲಿಲ್ಲ. ಬದುವಿನ ಮೇಲೆ ಕೂತು ತಂಬಾಕು ತಿಕ್ಕುತ್ತ "ಎಡಕ್ಕ ತುಗೊ, ಬಲಕ್ಕ ತುಗೊ" ಅಂತ ಕೂಗುವುದಷ್ಟೇ ಅವನ ಕೆಲಸ. ಗಾಡಿ ಹೊಡೆದವಳು ನೀನು.

ಕಾಗವಾಡದ ಇಮಾಮ್ ಕಾಕಾನ ವೆಲ್ಡಿಂಗ್ ಅಂಗಡಿಗೆ ನಿನ್ನ ಜೊತೆ ನಾನೂ ಬಂದಿದ್ದೆ. ಹಿಡಿಕೆ ನಿನ್ನ ಎದೆಗೆ ಬರುತ್ತಿತ್ತು, ಸಂಜೆಯಾದರೆ ನಿನಗೆ ಭುಜ ಎತ್ತಲು ಆಗುತ್ತಿರಲಿಲ್ಲ. "ಇದನ್ನ ಕೊಯ್ದು ಇಳಸ್ರಿ" ಅಂದೆ ನೀನು. ಕಾಕಾ ಗಡ್ಡ ಕೆರೆದುಕೊಂಡ. "ಕಂಪನಿ ಮಾಲ್ ಐತ್ರಿ ಬಾಯಾರ, ಕೊಯ್ದರ ಅದರ ರೂಪಾನ ಹೋಗ್ತೈತಿ."

"ನಾ ಎಷ್ಟ ಗಿಡ್ಡ ಅದೇನಿ ಅಂತ ಕಂಪನಿಯವ್ರು ನೋಡ್ಯಾರೇನ್ರಿ? ನೀವ್ ಕೊಯ್ರಿ."

ಎರಡೂ ಕೊಳವೆ ತುಂಡಾಗಿ, ಕೆಳಗೆ ಬಾಗಿ, ಗಂಟುಗಂಟಾಗಿ ಬೆಸುಗೆ ಬಿತ್ತು. ಮನೆಗೆ ಬಂದು ನೀನು ಅದರ ಮೇಲೆ ಹಳೆಯ ಸೀರೆಯ ಚಿಂದಿ ಸುತ್ತಿದೆ. ದ್ರಾಕ್ಷಿ ಪಡದ ಸಾಲುಗಳಲ್ಲಿ, ತಂತಿಯ ಕೆಳಗೆ ತಲೆ ಬಗ್ಗಿಸಿ, ವರ್ಷಗಟ್ಟಲೆ ಅದರ ಹಿಂದೆ ನಡೆದೆ.

ನೀನು ಹೋದ ತಿಂಗಳೊಪ್ಪತ್ತಿಗೆ ನಿನ್ನ ಮಗಳು ಸುಶೀಲಕ್ಕ ನನ್ನನ್ನು ಕರೆಸಿದಳು. ನನ್ನ ಹುಚ್ಚು ಅವಳಿಗೆ ಗೊತ್ತು. ಅಥಣಿ, ರಾಯಬಾಗ, ನಿಪ್ಪಾಣಿಯ ಗುಜರಿ ಅಂಗಡಿಗಳನ್ನು ಸುತ್ತಿ, ಮುರುಕು ಟಿಲ್ಲರ್‌ಗಳನ್ನು ತಂದು, ಬಿಚ್ಚಿ, ಉಜ್ಜಿ, ಬಣ್ಣ ಹೊಡೆದು ಷೆಡ್ಡಿನಲ್ಲಿ ಸಾಲಾಗಿ ನಿಲ್ಲಿಸುವ ಹುಚ್ಚು. ನನ್ನ ಹೆಂಡತಿ ಅದನ್ನು ಕಬ್ಬಿಣದ ದನದ ಕೊಟ್ಟಿಗೆ ಅನ್ನುತ್ತಾಳೆ. ಅಕ್ಕ ತಾಡಪತ್ರಿ ಸರಿಸಿ ನಿನ್ನ ಗಾಡಿ ತೋರಿಸಿದಳು. "ನನ್ನ ಹಂತೇಕ ಇದ್ರ ತುಕ್ಕ ತಿಂತೈತಿ ಮಲ್ಲ್ಯಾ. ನೀ ಜ್ವಾಪಾನ ಮಾಡ್ತಿ ಅಂತ ಕೊಡಾಕತ್ತೇನಿ. ಇದನ್ನ ನೋಡಿದ್ರ ನನಗ ಅವ್ವನ್ನ ನೋಡಿದಂಗ ಆಗ್ತೈತಿ" ಅಂತ ಕಣ್ಣೊರೆಸಿಕೊಂಡಳು. ಅದಕ್ಕೆ ನಾನು ಏನಂದೆ ಗೊತ್ತೇ? "ಅಕ್ಕಾ, ಗುರುತ ಹತ್ತಬಾರದು, ಹಂಗ ಮಾಡ್ತೇನಿ ನೋಡು!" ಆ ಮಾತು ಈಗ ನೆನಪಾದರೆ ನನಗೆ...

ಇಡೀ ಮಳೆಗಾಲ ಅದರ ಪಕ್ಕದಲ್ಲೇ ಕಳೆದೆ. ಇಂಜಿನ್ನಿನ ಕಾರ್ಬನ್ ಕೆರೆದೆ, ಬೇರಿಂಗ್ ಬದಲಿಸಿದೆ, ಕಂಪನಿಯ ಮೂಲ ಬಣ್ಣ ಕಾಣುವ ತನಕ ಉಜ್ಜಿದೆ. ನಮ್ಮಂಥ ಹುಚ್ಚರು ಸೇರಿದರೆ ಒಂದೇ ಪ್ರಶ್ನೆ: "ವರಿಜಿನಲ್ ಐತೇನು?" ಒಂದು ಬೋಲ್ಟ್ ಬೇರೆಯದಿದ್ದರೂ ಮೂಗು ಮುರಿಯುತ್ತಾರೆ. ಹಾಗಾಗಿ ನಿಪ್ಪಾಣಿಯ ಗುಜರಿಯಲ್ಲಿ ಅದೇ ಮಾದರಿಯ, ಯಾರೂ ಕೊಯ್ಯದ ಹಿಡಿಕೆ ಸಿಕ್ಕಾಗ ಕುಣಿದಾಡಿಬಿಟ್ಟೆ. ಅದನ್ನು ತಂದು ಕೂರಿಸಿದೆ. ನಿನ್ನ ಹಿಡಿಕೆಯನ್ನು, ಸುತ್ತಿದ ಚಿಂದಿಯ ಸಮೇತ, ಅದೇ ಗುಜರಿಯವನಿಗೆ ಕೊಟ್ಟು ಬಂದೆ. ಬರುವಾಗ ದಾರಿಯಲ್ಲಿ ಚಹಾ ಕುಡಿದು, ಹಾಡು ಗುನುಗುತ್ತ ಬಂದೆ.

ಚಿಕ್ಕೋಡಿಯ ಕೃಷಿ ಪ್ರದರ್ಶನದಲ್ಲಿ ನಿನ್ನ ಗಾಡಿಯ ಸುತ್ತ ಜನ ಮುತ್ತಿದ್ದರು. ಯಡೂರಿನ ರೈತನೊಬ್ಬ ಬೆರಗಾಗಿ, "ಭಾರಿ ಇಟ್ಟೀರಿ ಬಿಡ್ರಿ! ಯಾರ್ ಹೊಡೀತಿದ್ರು ಇದನ್ನ?" ಅಂದ. ನಿನ್ನ ಹೆಸರು ಹೇಳಿದರೆ, ಇಷ್ಟು ಎತ್ತರದ್ದನ್ನು ಹೆಣ್ಣುಮಗಳು ಹೆಂಗ ಹೊಡೆದಳು ಅಂತ ಕೇಳುತ್ತಾನೆ. ಆಗ ಕೊಯ್ದ ಹಿಡಿಕೆಯ ಕಥೆ ಬರುತ್ತದೆ. ವರಿಜಿನಲ್ ಅಲ್ಲ ಅಂದುಬಿಟ್ಟರೆ? ಎಲುಬಿಲ್ಲದ ನಾಲಿಗೆ, "ನಮ್ಮ ದೊಡ್ಡಪ್ಪ ಹೊಡೀತಿದ್ದ್ರಿ" ಅಂದುಬಿಟ್ಟಿತು.

"ಅಪ್ಪ ಎಂದ ಹೊಡದಿದ್ದ ಲೇ?"

ಹಿಂದೆ ಸುಶೀಲಕ್ಕ ನಿಂತಿದ್ದಳು. ಅವ್ವನ ಗಾಡಿ ನೋಡಲೆಂದು ಬಸ್ಸು ಹತ್ತಿ ಬಂದಿದ್ದಳು, ಹೊಸ ಸೀರೆ ಬೇರೆ ಉಟ್ಟಿದ್ದಳು. ಗಾಡಿಗೆ ಒಂದು ಸುತ್ತು ಬಂದಳು. ಹಿಡಿಕೆಗೆ ಕೈ ಹಾಕಿದಳು. ಅವಳದೂ ನಿನ್ನದೇ ಎತ್ತರ, ಅದು ಅವಳ ಎದೆಗೆ ಬಂತು. ಬೆಸುಗೆಯ ಗಂಟು ಇರಬೇಕಾದಲ್ಲಿ ಬೆರಳಾಡಿಸಿದಳು. ಆಮೇಲೆ ಅದರ ಮುಂದೆಯೇ ನಿಂತು, "ಅವ್ವನ ಗಾಡಿ ಎಲ್ಲೈತಿ ಮಲ್ಲ್ಯಾ?" ಅಂತ ಕೇಳಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏನೋ ತೊದಲಿದೆ. ಅವಳು ಕೇಳಿಸಿಕೊಳ್ಳದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಮರುದಿನವೇ ನಿಪ್ಪಾಣಿಗೆ ಓಡಿದೆ. ಗುಜರಿಯವನು ನಕ್ಕ: "ಅದ ಯಾವಾಗೋ ಭಟ್ಟಿಗಿ ಹೋತ್ರಿ ಸಾವ್ಕಾರ." ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇನ್ನೊಂದು ಹಿಡಿಕೆ ಕೊಯ್ಯಿಸಿ, ಸುಳ್ಳು ಬೆಸುಗೆ ಹಾಕಿಸಿ, ಸುಳ್ಳು ಚಿಂದಿ ಸುತ್ತಿ ನಿನ್ನದೆಂದು ತೋರಿಸಲೇ? ಅಷ್ಟಕ್ಕೆ ಇಳಿಯಲಿಲ್ಲ, ಆದರೆ ಆ ಯೋಚನೆಯೂ ಬಂದಿತ್ತು, ನಿನ್ನ ಮುಂದೆ ಯಾಕೆ ಮುಚ್ಚಿಡಲಿ. ಅಕ್ಕನ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಕಬ್ಬಿಣ ಹೋತು, ಹೋಗ್ಲಿ. ಆದ್ರ ಮಂದಿ ಮುಂದ ಅವ್ವನ್ನ ಅಳಿಸಿ ಹಾಕಿದಿ. ಮಂದಿ ಮುಂದನ ತಿದ್ದು" ಅಂದಳು.

ಈ ಸಲ ದಸರೆಯ ಖಂಡೆಪೂಜೆಗೆ ಗಾಡಿಯನ್ನು ಶಿರಗುಪ್ಪಿಗೇ ಒಯ್ದೆ. ಟ್ರ್ಯಾಕ್ಟರು, ಕುಂಟೆ, ಕುಡುಗೋಲು ಎಲ್ಲ ಚೆಂಡುಹೂ ಮುಡಿದು ಸಾಲಾಗಿದ್ದವು. ಯಾವುದನ್ನು ಯಾರು ನಡೆಸುತ್ತಾರೋ ಅವರ ಹೆಸರು ಕೂಗಿ ಕಾಯಿ ಒಡೆಯುವುದು ನಮ್ಮ ಓಣಿಯ ರೂಢಿಯಲ್ಲವೇ? ದೊಡ್ಡಪ್ಪ ಇರುವ ತನಕ ವರ್ಷಾವರ್ಷ ಈ ಗಾಡಿಗೆ ಮಡಿ ಧೋತರ ಉಟ್ಟು ತನ್ನ ಹೆಸರಲ್ಲೇ ಒಡೆಯುತ್ತಿದ್ದ. ನೀನು ಸೆರಗು ಹೊದ್ದು ಹೆಂಗಸರ ಗುಂಪಿನ ಹಿಂದೆ ನಿಂತಿರುತ್ತಿದ್ದೆ. ನಿನಗೆ ಏನೂ ಅನ್ನಿಸಲಿಲ್ಲವೇ? ನಮ್ಮಲ್ಲಿ ಒಬ್ಬರಾದರೂ ಕೇಳಬೇಕಿತ್ತು, ಕೇಳಲಿಲ್ಲ.

ನಾನು ಕಾಯಿ ಎತ್ತಿ, "ಈ ಗಾಡಿ ಹೊಡದಾಕಿ ನಮ್ಮ ದೊಡ್ಡವ್ವ! ದೊಡ್ಡಪ್ಪ ಅಲ್ಲ. ನಾ ಚಿಕ್ಕೋಡ್ಯಾಗ ಸುಳ್ಳ ಹೇಳೀನಿ" ಅಂದೆ. ಹಿರಿಯರು ಮುಖ ಮುಖ ನೋಡಿಕೊಂಡರು. ಸುಶೀಲಕ್ಕನ ಮುಖ ಸಡಿಲಲಿಲ್ಲ.

"ಊರಾಗ ದೊಡ್ಡವ್ವಗೋಳು ರಗಡ ಅದಾರ. ನಮ್ಮವ್ವಗ ಹೆಸರ ಇಲ್ಲೇನು?"

ಹಿರಿಯರ ಹೆಸರು ಹಿಡಿದು ಕರೆದರೆ ಬಾಯಿಗೆ ಏಟು ಬೀಳುತ್ತಿತ್ತು ನಮ್ಮ ಮನೆಯಲ್ಲಿ. ಆದರೂ ಇಡೀ ಓಣಿಗೆ ಕೇಳುವ ಹಾಗೆ ಕೂಗಿದೆ ದೊಡ್ಡವ್ವ.

"ಬಾಳವ್ವ! ಈ ಗಾಡಿ ಹೊಡದಾಕಿ ಬಾಳವ್ವ!"

ಅರ್ಧ ಆಯುಷ್ಯ ನಿನ್ನ ಅಂಗಳದಲ್ಲೇ ಕಳೆದ ನಾನು ನಿನ್ನ ಹೆಸರು ಹೇಳಿದ್ದು ಅದೇ ಮೊದಲು.

ನಿನ್ನ,
ಮಲ್ಲ್ಯಾ