ಹೆಳವ ಹಾಡದ ಮುತ್ತಜ್ಜಿ

ಇಟ್ಟಿಗಿ

ತಂಗಿ ರಮಾ,

ಅದಕ್ಕೇ ಅಂದದ್ದು, ನಮ್ಮವರನ್ನು ನಂಬಬೇಡ ಎಂದು. ದೊಡ್ಡಪ್ಪನ ಮಗ ಜೋಗಪ್ಪನ ಅಂಗಳದಲ್ಲಿ ಇವತ್ತು, ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ಹೆಸರು ಹಾಡುವ ಹೆಳವ ನಮ್ಮ ವಂಶಾವಳಿ ಹಾಡಿದ. ಮುತ್ತಜ್ಜಿ ಮಾಳಮ್ಮನ ಹೆಸರೇ ಇಲ್ಲ! ಅವಳು ಹೆತ್ತ ನಮ್ಮ ಅಜ್ಜ ದತ್ತು ಬಂದವನಂತೆ!

"ದೇವರಿಗೆ ಬಿಟ್ಟ ಬಸವಿ ಹೆಸರು ಯಾಕ ಬೇಕು? ಮಗಳಿಗೆ ಗಂಡು ನೋಡಾಕತ್ತೀವಿ," ಎಂದ ಜೋಗಪ್ಪ.

ಒಳಗಿಂದ ನಮ್ಮ ಸೋದರತ್ತೆ ಕೂಗಿದಳು: "ಗಂಡ್ಮಗ ಇಲ್ಲಂತ, ಹೊಲ-ಮನಿ ಉಳಸಾಕ ನಮ್ಮಜ್ಜಿನ್ನ ಮದುವಿ ಮಾಡದ ಬಸವಿ ಬಿಟ್ಟೋರು ಯಾರಲೇ? ಆಕಿ ಹೊಲದ ಜ್ವಾಳ ಉಣ್ಣಾಕ ನಾಚ್ಕಿ ಇಲ್ಲೇನು?"

ನಾನು 'ಶೇಮ್ ಆನ್' ಎಂದು ಶುರುಮಾಡಿದೆ, ಮುಂದಿನ ಇಂಗ್ಲಿಷ್ ಬರಲಿಲ್ಲ. ನಿನ್ನ ಅತ್ತಿಗೆ ಬದುಕಿದ್ದರೆ ತಡೆಯುತ್ತಿದ್ದಳು. ಮಾಳಮ್ಮನ ಹೆಸರು ಹಾಡುವ ತನಕ ಬಿಡೆನೆಂದು ಹೆಳವನ ಎತ್ತಿನ ಹಗ್ಗ ಹಿಡಿದು ಕೂತಿದ್ದೇನೆ. ಬಿಪಿ ಗುಳಿಗೆ ಮುಗಿದಿವೆ, ಕಳಿಸು.

"ಹೊತ್ತು ಮುಣಗಿತ್ರಿ, ಬಿಡ್ರಿ," ಅನ್ನುತ್ತಿದ್ದಾನೆ ಹೆಳವ. ಹೌದು, ಅಕ್ಷರ ಕಾಣುತ್ತಿಲ್ಲ. ಹಗ್ಗ ಬಿಟ್ಟಿಲ್ಲ.

ನಿನ್ನಣ್ಣ ಸಂಜೀವ